ಬಾಂದುಕಲ್ಲಿಗೆ ಉಪಗ್ರಹದ ಲೆಕ್ಕ: ನಕ್ಷೆ ಬರೆಯುವವನ ಅನುಭವ ಪಾಠಗಳು

ಭೂಮಾಪನದ ಕೆಲಸಕ್ಕೆ ಇಳಿದಾಗ ನನ್ನ ಹೆಗಲ ಮೇಲಿದ್ದದ್ದು 33 ಅಡಿಯ ಸರಪಳಿ, ಕೈಯಲ್ಲಿ ಕ್ರಾಸ್ ಸ್ಟಾಫ್, ಜೊತೆಗೆ ಸರಪಳಿ ಎಳೆಯಲು ಊರಿನ ಇಬ್ಬರು. ಆಮೇಲೆ ಟೇಪು ಬಂತು, ಟೋಟಲ್ ಸ್ಟೇಷನ್ ಬಂತು, ಕಂಪ್ಯೂಟರಿನ ಜಿಐಎಸ್ ಬಂತು. ಈಗಿನ ಹುಡುಗರು ಕೋಲಿನ ತುದಿಗೆ ಉಪಗ್ರಹ ಸಂಕೇತ ಹಿಡಿಯುವ ರೋವರ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಹೊಲಕ್ಕೆ ಹೋಗುತ್ತಾರೆ. ಒಂದು ದಿನದ ಕೆಲಸ ಊಟದ ಹೊತ್ತಿಗೆ ಮುಗಿದಿರುತ್ತದೆ. ಸಂಜೆ ನನಗೆ ಫೋನು ಬರುತ್ತದೆ: "ಸಾರ್, ಅಳತೆ ಕರಾರುವಾಕ್ಕಾಗಿದೆ, ಆದ್ರೆ ಜಗಳ ನಿಂತಿಲ್ಲ." ಅಂಥವರಿಗೆ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಹಳೆಯ ನಕ್ಷೆಯನ್ನು ಏಕೆ ಬರೆದರು ಎಂಬುದನ್ನು ಮೊದಲು ತಿಳಿಯಿರಿ

ನಮ್ಮ ಗ್ರಾಮನಕ್ಷೆಗಳು ಹುಟ್ಟಿದ್ದು ಕಂದಾಯ ವಸೂಲಿಗೆ. ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಬೊಂಬಾಯಿ ಪದ್ಧತಿಯ ಸರ್ವೆ ಶುರುವಾಯಿತು. 33 ಅಡಿಯ ಸರಪಳಿಯನ್ನು 16 ಆಣೆಯಾಗಿ ಭಾಗ ಮಾಡಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ 1089 ಚದರ ಅಡಿ. ಅದೇ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಹೊಲದಲ್ಲಿ ತೆಗೆದ ಅಳತೆ ಟಿಪ್ಪಣಿಗೆ ಹೋಗುತ್ತಿತ್ತು, ಲೆಕ್ಕ ಪಕ್ಕಾ ಪುಸ್ತಕಕ್ಕೆ, ಒಟ್ಟು ವಿಸ್ತೀರ್ಣ ಮತ್ತು ಕಂದಾಯ ಆಕಾರಬಂದಿಗೆ. ಕಂದಾಯ ಹುಟ್ಟದ ನೆಲವನ್ನು ಖರಾಬು ಎಂದು ಕಳೆದರು. ಉಳಲು ಬಾರದ ಬಂಡೆ, ಕೊರಕಲು ಎಲ್ಲ ಎ ಖರಾಬು. ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕರ ಜಾಗ ಬಿ ಖರಾಬು.

ಈ ಕಳೆಯುವ ಲೆಕ್ಕವೇ ಇವತ್ತು ಬೆಂಗಳೂರಿನ ನೀರಿನ ನಕ್ಷೆಯಾಗಿ ಕೂತಿದೆ. ಅಂದಿನ ಸರ್ವೆಯವನಿಗೆ ಕೆರೆ ಕಾಲುವೆಯ ಮೇಲೆ ವಿಶೇಷ ಮಮತೆ ಏನೂ ಇರಲಿಲ್ಲ. ಅಲ್ಲಿ ತೆರಿಗೆ ಹಾಕುವಂತಿಲ್ಲ ಎಂದು ಗೆರೆ ಎಳೆದು ಬಿಟ್ಟ. 2016ರಲ್ಲಿ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿ ಬಂದಾಗಲೂ, 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದಾಗಲೂ ಮೇಜಿನ ಮೇಲೆ ಹರಡಿದ್ದು ಅದೇ ನಕ್ಷೆ. ಮನೆ ಕಟ್ಟಿದವರ ಕೈಯಲ್ಲಿ ಖಾತೆ ಇತ್ತು, ಮಂಜೂರಾದ ಪ್ಲಾನ್ ಇತ್ತು, ಬ್ಯಾಂಕಿನ ಸಾಲವೂ ಇತ್ತು. ಗ್ರಾಮನಕ್ಷೆಯಲ್ಲಿ ಅವರ ಅಡುಗೆಮನೆಯ ಮೇಲೆ ಹಳ್ಳದ ಜೋಡಿ ಗೆರೆ ಹಾದಿತ್ತು.

ಹಾಗೆಂದು ಆ ಗೆರೆಯನ್ನೇ ನೀರಿನ ಶಾಸ್ತ್ರ ಎಂದು ಹಿಡಿದು ಕೂರುವುದೂ ತಪ್ಪು. ಹಳ್ಳಕ್ಕೆ ಆಗ ಎಷ್ಟು ಜಾಗ ಬಿಟ್ಟಿದ್ದರು ಎಂಬುದನ್ನು ಅದು ಹೇಳುತ್ತದೆ. ಮೇಲಿನ ಹೊಲಗಳೆಲ್ಲ ಕಾಂಕ್ರೀಟಾದ ಮೇಲೆ ಎಷ್ಟು ನೀರು ಬರುತ್ತದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಎತ್ತರ ತಗ್ಗಿನ ಮಾದರಿ ಬೇರೆ ಬೇಕು, ಮಳೆಯ ಲೆಕ್ಕ ಬೇರೆ ಬೇಕು.

2. ಸೆಂಟಿಮೀಟರ್ ಸಿಕ್ಕಿದ ಮಾತ್ರಕ್ಕೆ ಹದ್ದು ಸಿಗುವುದಿಲ್ಲ

2000ದ ಮೇ ತಿಂಗಳವರೆಗೆ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಸಾಮಾನ್ಯ ರಿಸೀವರ್ ನೂರು ಮೀಟರಿನವರೆಗೂ ತಪ್ಪು ತೋರಿಸುತ್ತಿತ್ತು. ಈಗ ಭಾರತೀಯ ಸರ್ವೇಕ್ಷಣ ಇಲಾಖೆ ಅಲ್ಲಲ್ಲಿ ನೆಟ್ಟಿರುವ ಕಾರ್ಸ್ ಕೇಂದ್ರಗಳು ದಿನವಿಡೀ ಉಪಗ್ರಹಗಳನ್ನು ನೋಡುತ್ತ, ತಿದ್ದುಪಡಿಯನ್ನು ಮೊಬೈಲ್ ಜಾಲದ ಮೂಲಕ ರೋವರಿಗೆ ಕಳಿಸುತ್ತವೆ. ಆಕಾಶ ಬಯಲಾಗಿದ್ದರೆ ಕೆಲವೇ ಸೆಂಟಿಮೀಟರಿನ ಕರಾರುವಾಕ್ಕು ಸಿಗುತ್ತದೆ. ತೆಂಗಿನ ತೋಟದೊಳಗೆ ಹೋದರೆ ಅದೇ ಯಂತ್ರ ತಡವರಿಸುತ್ತದೆ, ಅದು ಬೇರೆ ಮಾತು.

ತೊಡಕು ಇರುವುದು ಇನ್ನೊಂದು ಕಡೆ. ಗ್ರಾಮನಕ್ಷೆಯ ಪ್ರಮಾಣ ಸಾಮಾನ್ಯವಾಗಿ ಒಂದು ಮೈಲಿಗೆ ಎಂಟು ಇಂಚು, ಅಂದರೆ 1:7920. ಆ ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್ ಅಗಲ. ಆ ಕಾಗದವನ್ನು ಸ್ಕ್ಯಾನ್ ಮಾಡಿ, ಉಪಗ್ರಹ ಚಿತ್ರದ ಮೇಲೆ ಕೂರಿಸಿ, ದಿಶಾಂಕ್ ಥರದ ಆ್ಯಪಿನಲ್ಲಿ ರೈತರ ಕೈಗೆ ಕೊಟ್ಟಿದ್ದಾರೆ. ಒಳ್ಳೆಯ ಕೆಲಸವೇ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇನೆ ಎಂದು ತಿಳಿಯಲು, ಕೊಳ್ಳುವ ನಿವೇಶನ ಕೆರೆಯಂಗಳದಲ್ಲಿದೆಯೇ ಎಂದು ನೋಡಲು ಅಷ್ಟು ಸಾಕು. ಬೇಲಿ ಹಾಕಲು ಸಾಲದು.

ಸಿರಾ ಕಡೆಯ ಒಂದು ಹೊಲದಲ್ಲಿ ಯಜಮಾನರೊಬ್ಬರು ಫೋನನ್ನು ನನ್ನ ಮುಖಕ್ಕೆ ಹಿಡಿದರು. "ನೋಡಿ ಸ್ವಾಮಿ, ನಾನು ನಿಂತಿರೋದು ನನ್ನ ನಂಬರಲ್ಲೇ ಅಂತ ಸರ್ಕಾರದ ಆ್ಯಪೇ ಹೇಳ್ತೈತೆ." ಬದುವಿನ ಆಚೆ ನಿಂತಿದ್ದ ದಾಯಾದಿ ತನ್ನ ಫೋನು ತೆಗೆದ. ಅದು ಇನ್ನೊಂದು ಹೇಳುತ್ತಿತ್ತು. ಫೋನಿನ ತಪ್ಪು ನಾಲ್ಕೈದು ಮೀಟರ್, ಗೆರೆಯ ದಪ್ಪ ನಾಲ್ಕು ಮೀಟರ್. ಅವರ ತಕರಾರು ಆರು ಅಡಿಯದ್ದು.

ಇಂಥ ಕಡೆ ರೋವರನ್ನು ಚೀಲದಲ್ಲೇ ಬಿಟ್ಟು ಮೊದಲು ಕಲ್ಲು ಹುಡುಕಿ. ಮೂರು ಊರಿನ ಗಡಿ ಸೇರುವ ಕಲ್ಲು, ಅಕ್ಕಪಕ್ಕದ ನಂಬರಿನ ಬಾಂದು, ಹಳೆಯ ಬಾವಿ, ಟಿಪ್ಪಣಿಯಲ್ಲಿ ನಮೂದಾದ ಯಾವುದಾದರೂ ಕದಲದ ಗುರುತು ಬೇಕು. ನಾಲ್ಕೈದು ಗುರುತು ಸಿಕ್ಕ ಮೇಲೆ ರೋವರ್ ಹಿಡಿಯಿರಿ. ಆಗ ಹಳೆಯ ಸರಪಳಿ ಅಳತೆಗೂ ಇಂದಿನ ಅಳತೆಗೂ ಎಷ್ಟು ವ್ಯತ್ಯಾಸ ಎಂದು ಗೊತ್ತಾಗುತ್ತದೆ. ಆ ವ್ಯತ್ಯಾಸವನ್ನು ಸಾಲಿನುದ್ದಕ್ಕೂ ಹಂಚಬೇಕು, ಒಬ್ಬನ ತಲೆಗೆ ಕಟ್ಟಬಾರದು. ಎರಡೂ ಕಡೆಯವರಿಗೆ ನೋಟಿಸು ಕೊಟ್ಟು, ಅವರ ಎದುರೇ ಅಳೆದು, ಮಹಜರಿಗೆ ಸಹಿ ಹಾಕಿಸಿ. ಯಂತ್ರ ಬಂದ ಮೇಲೆ ಈ ಭಾಗ ಚಿಕ್ಕದಾಗಿಲ್ಲ. ನನ್ನನ್ನು ಕೇಳಿದರೆ ದೊಡ್ಡದಾಗಿದೆ, ಏಕೆಂದರೆ ಈಗ ಪ್ರತಿಯೊಬ್ಬರ ಜೇಬಿನಲ್ಲೂ ಅವರವರ ಸಾಕ್ಷಿ ಇದೆ.

3. ನಕ್ಷೆ ಯಾವ ಭೂಮಿಯ ಮೇಲೆ ನಿಂತಿದೆ ಎಂದು ನೋಡಿ

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು ಕೈ ಪಳಗಿಸಿಕೊಂಡ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳೆದ ರೇಖೆಯಿಂದ ಮಹಾ ತ್ರಿಕೋನಮಿತಿ ಸರ್ವೆ ಹೊರಟಿತು. ಅವನ ಥಿಯೊಡೊಲೈಟು ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಮೇಲೆ ಏರಿಸುವಾಗ ಗೋಡೆಗೆ ಬಡಿದು ಕೆಟ್ಟಿತ್ತು. ಆ ಪರಂಪರೆಯಲ್ಲಿ ಬಂದ 1830ರ ಎವರೆಸ್ಟ್ ದೀರ್ಘಗೋಳದ ಮೇಲೆ ನಮ್ಮ ಹಳೆಯ ಟೋಪೋ ಹಾಳೆಗಳೆಲ್ಲ ನಿಂತಿವೆ. ಫೋನು, ಡ್ರೋನು, ರೋವರ್ ನಿಂತಿರುವುದು ಡಬ್ಲ್ಯುಜಿಎಸ್ 84ರ ಮೇಲೆ. ಲೆಕ್ಕ ಪರಿವರ್ತಿಸದೆ ಒಂದರ ಅಕ್ಷಾಂಶ ರೇಖಾಂಶವನ್ನು ಇನ್ನೊಂದರ ಮೇಲೆ ಹಾಕಿದರೆ ನಮ್ಮ ಭಾಗದಲ್ಲಿ ಊರು ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ.

ಎತ್ತರದ ವಿಷಯ ಇನ್ನೂ ಮೋಸದ್ದು. ಉಪಗ್ರಹದ ಲೆಕ್ಕ ಕೊಡುವುದು ಈ ದೀರ್ಘಗೋಳ ಎಂಬ ಗಣಿತದ ಗೋಳದಿಂದ ಎತ್ತರ. ನೀರು ಹರಿಯುವುದು ಗುರುತ್ವದ ಪ್ರಕಾರ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಭೂಮಿಯ ಗುರುತ್ವದ ದೊಡ್ಡ ತಗ್ಗೊಂದಿದೆ. ಅಲ್ಲಿ ಸಮುದ್ರಮಟ್ಟವೇ ಆ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗೆ. ಅದರ ಕಾರಣ ಹುಡುಕಿ 2023ರಲ್ಲಿ ಪ್ರಬಂಧ ಪ್ರಕಟಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಆ ತಗ್ಗಿನ ಅಂಚು ನಮ್ಮವರೆಗೂ ಬರುತ್ತದೆ. ಬೆಂಗಳೂರಿನಲ್ಲಿ ಎರಡು ಎತ್ತರಗಳ ನಡುವೆ ಸುಮಾರು 85 ಮೀಟರ್ ಅಂತರ. ಡ್ರೋನಿನ ಎತ್ತರವನ್ನು ಹಾಗೇ ತೆಗೆದುಕೊಂಡು ಚರಂಡಿ ವಿನ್ಯಾಸ ಮಾಡಲು ಕೂರಬೇಡಿ. ಬೆಂಚ್‌ಮಾರ್ಕಿಗೆ ಕಟ್ಟಿ, ಗುರುತ್ವದ ಸಮುದ್ರಮಟ್ಟ ತೋರಿಸುವ ಜಿಯಾಯ್ಡ್ ಮಾದರಿ ಹಾಕಿ, ಆಮೇಲೆ ಮಾತಾಡಿ.

ಸೆಂಟಿಮೀಟರ್ ಎಂದು ಹೆಮ್ಮೆಪಡುವವರಿಗೆ ಇನ್ನೊಂದು ಮಾತು. ನಾವು ನಿಂತ ಭೂಫಲಕ ವರ್ಷಕ್ಕೆ ಐದು ಸೆಂಟಿಮೀಟರಿನಷ್ಟು ಈಶಾನ್ಯಕ್ಕೆ ಸರಿಯುತ್ತಿದೆ. ಇಪ್ಪತ್ತು ವರ್ಷಕ್ಕೆ ಒಂದು ಮೀಟರ್. ಬಾಂದುಕಲ್ಲು ಕದಲದಿದ್ದರೂ ಜಾಗತಿಕ ಲೆಕ್ಕದಲ್ಲಿ ಅದರ ಅಂಕಿ ಕದಲುತ್ತದೆ. ಅಂಕಿಯ ಪಕ್ಕ ವರ್ಷ ಬರೆಯದವನ ಸೆಂಟಿಮೀಟರಿಗೆ ಬೆಲೆಯಿಲ್ಲ.

4. ಡ್ರೋನ್ ಹಾರುವ ಹಿಂದಿನ ದಿನವೇ ನಕ್ಷೆ ತೀರ್ಮಾನವಾಗಿರುತ್ತದೆ

ಹಳೆಯ ಸರ್ವೆ ಮನೆಗಳಿರುವ ಗ್ರಾಮಠಾಣದ ಒಳಗೆ ಹೊಕ್ಕು ಅಳೆಯಲಿಲ್ಲ. ಉಳುವ ಹೊಲಕ್ಕೆ ಕಂದಾಯ ಇತ್ತು, ವಾಸದ ಮನೆಗೆ ಇರಲಿಲ್ಲ. ಹಾಗಾಗಿ ಊರಿಗೆ ಊರೇ ನಕ್ಷೆಯಲ್ಲಿ ಒಂದು ಖಾಲಿ ತುಂಡು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆ ಆ ಖಾಲಿಯನ್ನು ಡ್ರೋನಿನಿಂದ ತುಂಬಲು ಹೊರಟಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಪತ್ರಿಕೆಯಲ್ಲಿ ಬರುವ ಫೋಟೋ ಡ್ರೋನಿನದ್ದು. ಕೆಲಸದ ತಿರುಳು ಸುಣ್ಣದ ಗೆರೆಯಲ್ಲಿದೆ. ಹಾರಾಟಕ್ಕೆ ಮೊದಲು ಪ್ರತಿ ಮನೆ, ಹಿತ್ತಲು, ಓಣಿಯ ಅಂಚಿಗೆ ಬಿಳಿ ಗುರುತು ಹಾಕಬೇಕು. ಮೇಲಿನ ಕ್ಯಾಮೆರಾಗೆ ಕಾಣುವುದು ಅದೊಂದೇ. ಯಾರು ಗುರುತು ಹಾಕಿಸಿದರೋ ಅವರ ಮಾತು ಚಿತ್ರಕ್ಕೆ ಹೋಗುತ್ತದೆ. ನಾನು ನೋಡಿದ ಊರುಗಳಲ್ಲಿ ಆ ದಿನ ಮನೆಮುಂದೆ ನಿಂತವರು ಹೆಚ್ಚಾಗಿ ಹೆಂಗಸರು. ಗಂಡಸರು ಬೆಂಗಳೂರಿಗೋ ಗಾರೆ ಕೆಲಸಕ್ಕೋ ಹೋಗಿರುತ್ತಿದ್ದರು. ಹಿತ್ತಿಲ ಗೋಡೆ ಎಲ್ಲಿಯವರೆಗೆ, ಬಚ್ಚಲ ನೀರು ಯಾರ ಜಾಗದಲ್ಲಿ ಹೋಗುತ್ತದೆ, ಮಾವನ ಕಾಲದಲ್ಲಿ ತಿಪ್ಪೆ ಎಲ್ಲಿತ್ತು ಎಂದು ತೋರಿಸಿದವರು ಅವರು. ಹಕ್ಕಿನ ಕಾರ್ಡಿಗೆ ಹೆಸರು ಕೇಳುವಾಗ ಮಾತ್ರ "ಯಜಮಾನರು ಬರಲಿ" ಎನ್ನುವ ಮಾತು ಬರುತ್ತಿತ್ತು. "ಗೋಡೆ ತೋರಿಸಾಕೆ ನಾನು ಬೇಕು, ಹೆಸರು ಬರ್ಸಾಕೆ ನಮ್ಮನೆಯೋರು ಬೇಕಾ ಸಾರ್?" ಎಂದು ಒಬ್ಬ ತಾಯಿ ಕೇಳಿದ್ದಕ್ಕೆ ನನ್ನ ಜೊತೆಯಲ್ಲಿದ್ದ ಯಾರ ಬಳಿಯೂ ಉತ್ತರ ಇರಲಿಲ್ಲ.

ಡ್ರೋನಿನ ಚಿತ್ರ ಅಚ್ಚಾಗಿ ಬಂದ ಮೇಲೆ ಆಕ್ಷೇಪಣೆಗೆ ಅವಧಿ ಇರುತ್ತದೆ. ಅದನ್ನು ಪಂಚಾಯತಿ ಬೋರ್ಡಿಗೆ ಅಂಟಿಸಿ ಕೈತೊಳೆದುಕೊಂಡರೆ ಯಾರೂ ಓದುವುದಿಲ್ಲ. ಬೀದಿಬೀದಿಗೆ ಒಯ್ದು ನೆಲದ ಮೇಲೆ ಹಾಸಿ. ಜನ ತಮ್ಮ ಮನೆಯ ಹೆಂಚು ಗುರುತಿಸಲು ಎರಡು ನಿಮಿಷ ಸಾಕು.

5. ನಕ್ಷೆಯಲ್ಲಿ ಇಲ್ಲದವರನ್ನು ಹುಡುಕಿಕೊಂಡು ಹೋಗಿ

ನಮ್ಮ ಕಂದಾಯ ನಕ್ಷೆಯಲ್ಲಿ ಒಂದು ವಿಚಿತ್ರ ಇದೆ. ಒಬ್ಬರೂ ವಾಸವಿಲ್ಲದ ಬೇಚಿರಾಕ್ ಗ್ರಾಮಕ್ಕೆ ಹೆಸರು, ಗಡಿ, ಸರ್ವೆ ನಂಬರು ಎಲ್ಲ ಉಂಟು. ನೂರಾರು ಮನೆಗಳ ತಾಂಡಾ, ಹಟ್ಟಿ, ಹಾಡಿಗೆ ಒಂದು ಚುಕ್ಕಿಯೂ ಇಲ್ಲ. ಜನ ಇದ್ದಾರೆ, ಶಾಲೆ ಇದೆ, ಮತಗಟ್ಟೆಯೂ ಇರಬಹುದು. ದಾಖಲೆಯಲ್ಲಿ ಅದು ಯಾರದೋ ಪಟ್ಟಾ ಜಮೀನು ಇಲ್ಲವೇ ಗೋಮಾಳ. ಹಾಗಾಗಿ ಮನೆಗೆ ಹಕ್ಕುಪತ್ರ ಇಲ್ಲ, ಸಾಲ ಇಲ್ಲ, ಖಾಯಂ ರಸ್ತೆ ಇಲ್ಲ. ಇಂಥ ವಾಸಸ್ಥಳಗಳನ್ನು ಕಂದಾಯ ಗ್ರಾಮ ಮಾಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ನಡೆಯಿತು. ಹೆಚ್ಚಿನವರು ತಾಂಡಾದವರು.

ಇದರಲ್ಲಿ ತಂತ್ರಜ್ಞಾನದ ಪಾಲು ಸಣ್ಣದು. ಉಪಗ್ರಹ ಚಿತ್ರದಲ್ಲಿ ಆ ತಾಂಡಾಗಳು ಬಹಳ ಹಿಂದಿನಿಂದಲೂ ಕಾಣುತ್ತಿದ್ದವು. ಕಂಡದ್ದನ್ನು ಊರು ಎಂದು ಒಪ್ಪಲು ಕಾನೂನು ಬೇಕಾಯಿತು, ಒತ್ತಾಯಿಸಲು ಸಂಘಟನೆ ಬೇಕಾಯಿತು.

ಹೆಸರಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ತಾಂಡಾ, ಹಟ್ಟಿಗಳ ಹೆಸರನ್ನು ಅಲ್ಲಿನವರ ಬಾಯಿಂದ ಕೇಳಿ ನೇರ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು ಕನ್ನಡಕ್ಕೆ ತಂದ ಹೆಸರುಗಳನ್ನು ಊರಿನವರೇ ಗುರುತಿಸುವುದಿಲ್ಲ.

6. ಚಿತ್ರದಲ್ಲಿ ಹಸಿರು ಕಂಡರೆ ಅದು ಯಾರ ಹಸಿರು ಎಂದು ಕೇಳಿ

1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮೆರಾಕ್ಕೆ ನೆಲದ ಒಂದು ಚುಕ್ಕಿ ಎಂದರೆ 72.5 ಮೀಟರ್. 2019ರ ಕಾರ್ಟೊಸ್ಯಾಟ್-3ಕ್ಕೆ ಕಾಲು ಮೀಟರ್. ಈ ನಡುವಿನ ಕಾಲದಲ್ಲಿ ಪಶ್ಚಿಮ ಘಟ್ಟದ ದೊಡ್ಡ ನಕ್ಷೆಯೊಂದು ಬಂತು. 2013ರ ಕಸ್ತೂರಿರಂಗನ್ ಸಮಿತಿ 24 ಮೀಟರ್ ಚುಕ್ಕಿಯ ಉಪಗ್ರಹ ಚಿತ್ರ ಬಳಸಿ ಸಹಜ ಭೂದೃಶ್ಯ, ಮಾನವನಿರ್ಮಿತ ಭೂದೃಶ್ಯ ಎಂದು ಬೇರ್ಪಡಿಸಿತು. ಒಂದು ಹಳ್ಳಿಯ ಶೇಕಡ 20ರಷ್ಟು ಜಾಗ ಮೊದಲ ಗುಂಪಿಗೆ ಬಂದರೆ ಇಡೀ ಹಳ್ಳಿ ಪರಿಸರ ಸೂಕ್ಷ್ಮ ಪಟ್ಟಿಗೆ. ಕರ್ನಾಟಕದಲ್ಲಿ 1,500ಕ್ಕೂ ಹೆಚ್ಚು ಹಳ್ಳಿಗಳು ಸೇರಿದವು.

ನಮ್ಮ ಲೆಕ್ಕದಲ್ಲಿ 24 ಮೀಟರ್ ಚೌಕ ಎಂದರೆ ಐದೂವರೆ ಗುಂಟೆಯ ಮೇಲೆ. ಮಲೆನಾಡಿನಲ್ಲಿ ಒಂದು ಮನೆ, ಅಂಗಳ, ಕೊಟ್ಟಿಗೆ, ಅದರ ಹಿಂದಿನ ತುಂಡು ತೋಟ ಎಲ್ಲ ಅಷ್ಟರಲ್ಲಿ ಮುಗಿಯುತ್ತದೆ. ಕೊಡಗಿನ ಕಾಫಿ ತೋಟದ ಮೇಲೆ ಕಾಡುಮರದ ನೆರಳಿದೆ. ಮೇಲಿನಿಂದ ಕಾಣುವುದು ನೆರಳು ಮಾತ್ರ. ತೋಟವನ್ನೂ ಕಾಡೆಂದು ಬರೆದಿದ್ದಾರೆ ಎಂದು ಬೆಳೆಗಾರರು ಕೂಗಿದ್ದಕ್ಕೆ ಕಾರಣ ಇತ್ತು. ಘಟ್ಟಕ್ಕೆ ರಕ್ಷಣೆ ಬೇಡ ಎನ್ನುವವರ ಪೈಕಿ ನಾನಲ್ಲ. 2018ರ ಆಗಸ್ಟಿನಲ್ಲಿ ಕೊಡಗು ಕುಸಿದದ್ದನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಹಳ್ಳಿಯವರು ತಮ್ಮ ನಕ್ಷೆಯನ್ನು ಮೊದಲು ನೋಡಿದ್ದು ಪಟ್ಟಿ ಪ್ರಕಟವಾದ ಮೇಲೆ. ಅದಕ್ಕೂ ಮುಂಚೆ ಒಂದು ಪ್ರತಿ ಗ್ರಾಮಸಭೆಗೆ ಹೋಗಿದ್ದರೆ ತಪ್ಪು ಚುಕ್ಕಿಗಳು ತಿದ್ದಿಹೋಗುತ್ತಿದ್ದವು, ಸರಿಯಾದ ಚುಕ್ಕಿಗಳಿಗೆ ಊರಿನವರ ಬೆಂಬಲವೂ ಸಿಗುತ್ತಿತ್ತು ಎಂಬುದು ನನ್ನ ಅಂದಾಜು.

7. ಜನರೇ ಬರೆಸಿದ ನಕ್ಷೆಗೆ ಬಲ ಇದೆ; ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕಿಲ್ಲ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡಿನಲ್ಲಿ ನಡೆದು, ಜಿಪಿಎಸ್ ಹಿಡಿದು, ತಮ್ಮ ಪವಿತ್ರ ತಾಣಗಳನ್ನು ಗುರುತಿಸಿದರು. ದೇವರು, ಮಾರಿ, ವೀರು, ಕಲ್ಲುಗುಡಿ, ಅಬ್ಬಿ ಹೀಗೆ ಐನೂರರ ಹತ್ತಿರ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ಅಕ್ಟೋಬರಿನಲ್ಲಿ ಸೋಲಿಗರಿಗೆ ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಇಲಾಖೆಯ ನಕ್ಷೆಯಲ್ಲಿ ಬರೀ ಕಂಪಾರ್ಟ್‌ಮೆಂಟ್ ನಂಬರು ಇದ್ದ ಕಡೆ ಊರವರ ನಕ್ಷೆಯಲ್ಲಿ ಹೆಸರು, ಕುಲ, ಪೂಜೆಯ ಜಾಗ ಇದ್ದವು.

ಇಂಥ ಕೆಲಸಕ್ಕೆ ಕರೆದಾಗ ನಾನು ಮೊದಲೇ ಒಂದು ಮಾತು ಇತ್ಯರ್ಥ ಮಾಡಿಕೊಳ್ಳುತ್ತೇನೆ: ಯಾವುದು ಅಚ್ಚಿಗೆ, ಯಾವುದು ಊರಿನ ಪೆಟ್ಟಿಗೆಗೆ. ಹೆಜ್ಜೇನಿನ ಮರ, ಔಷಧಿ ಬೇರಿನ ಜಾಗ, ನಿಧಿಯಾಸೆಗೆ ಅಗೆಯುವವರ ಕಣ್ಣು ಬೀಳುವ ಕಲ್ಲುಗುಡಿ ಇವನ್ನು ಅಂತರಜಾಲಕ್ಕೆ ಹಾಕಿದರೆ ವಾಪಸು ತೆಗೆಯಲು ಆಗುವುದಿಲ್ಲ.

8. ಎಐ ಎಳೆದ ಗೆರೆಯನ್ನು ಕರಡು ಎಂದೇ ನೋಡಿ

ಈಗ ಕಂಪ್ಯೂಟರು ಉಪಗ್ರಹ ಚಿತ್ರ ನೋಡಿ ಕೋಟಿಗಟ್ಟಲೆ ಕಟ್ಟಡಗಳ ಅಂಚನ್ನು ತಾನೇ ಎಳೆಯುತ್ತದೆ. ದೊಡ್ಡ ಕಂಪನಿಗಳು ಅದನ್ನು ಉಚಿತವಾಗಿ ಕೊಟ್ಟಿವೆ. ಉಪಯೋಗ ಇದೆ, ಬಳಸಿ. ಆದರೆ ಹುಲ್ಲಿನ ಬಣವೆ, ಟಾರ್ಪಾಲು ಹೊದಿಸಿದ ರಾಶಿ, ಒಣಗಲು ಹಾಕಿದ ಅಡಿಕೆಯ ಅಂಗಳ ಮನೆಯಾಗಿ ಬಂದದ್ದನ್ನು ನಾನು ತೆಗೆದುಹಾಕಿದ್ದೇನೆ. ಅಡಿಕೆ ಮರಗಳ ಕೆಳಗಿನ ಹೆಂಚಿನ ಮನೆ ಬಾರದ್ದನ್ನು ಕೈಯಿಂದ ಸೇರಿಸಿದ್ದೇನೆ. ಪ್ರವಾಹದ ಪಟ್ಟಿ ಮಾಡುವಾಗ ಎರಡನೆಯದು ಹೆಚ್ಚು ಅಪಾಯಕಾರಿ.

9. ಪುಕ್ಕಟೆ ನಕ್ಷೆಯ ಕರಾರು ಓದಿ

ಒಂದು ಕಾಲಕ್ಕೆ ಟೋಪೋ ಹಾಳೆ ಕೊಳ್ಳಲು ಅರ್ಜಿ, ಶಿಫಾರಸು, ಕಾಯುವಿಕೆ ಎಲ್ಲ ಇತ್ತು. 2005ರ ನೀತಿ ರಕ್ಷಣೆಯ ಸರಣಿ, ಮುಕ್ತ ಸರಣಿ ಎಂದು ನಕ್ಷೆಗಳನ್ನು ಎರಡಾಗಿ ಮಾಡಿತು. 2021ರ ಫೆಬ್ರವರಿ 15ರ ಮಾರ್ಗಸೂಚಿ ಭಾರತೀಯರಿಗೆ ಪೂರ್ವಾನುಮತಿಯ ಕಟ್ಟು ತೆಗೆಯಿತು; ಒಂದು ಮೀಟರಿಗಿಂತ ಸೂಕ್ಷ್ಮದ ದತ್ತಾಂಶ ತಯಾರಿ ದೇಶದ ಸಂಸ್ಥೆಗಳಿಗೇ ಎಂದಿತು. ನನ್ನ ವೃತ್ತಿಬದುಕಿನಲ್ಲಿ ಕಂಡ ದೊಡ್ಡ ಬದಲಾವಣೆ ಅದು, ರೋವರಿಗಿಂತಲೂ.

ಜನರಿಂದ ನಕ್ಷೆ ಬರೆಸುವ ಎರಡು ದಾರಿಗಳನ್ನೂ ಈ ನಡುವೆ ನೋಡಿದೆವು. 2004ರಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನೀವು ಸೇರಿಸಿದ ಓಣಿಯನ್ನು ಮೂಲ ನಮೂದಿಸಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2008ರ ಗೂಗಲ್ ಮ್ಯಾಪ್ ಮೇಕರಿನಲ್ಲಿ ಭಾರತೀಯರು ಉತ್ಸಾಹದಿಂದ ಊರು ತುಂಬಿದರು; ಅದು 2017ರಲ್ಲಿ ಮುಚ್ಚಿತು, ತುಂಬಿದ್ದು ಕಂಪನಿಯ ನಕ್ಷೆಯಲ್ಲಿ ಉಳಿಯಿತು. ಎರಡರಲ್ಲೂ ಕೆಲಸ ಮಾಡಿ, ತಪ್ಪಿಲ್ಲ. ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ಮಾತ್ರ ಅವರ ಶ್ರಮ ಯಾರ ಕೈ ಸೇರುತ್ತದೆ ಎಂದು ಅವರಿಗೆ ಹೇಳಿ.

10. ಪ್ರತಿ ನಕ್ಷೆಯ ಮೇಲೂ ತಾರೀಖು ಹಾಕಿ

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಕಡೆ, ರಾಮಗಂಗಾ ನದಿಯ ತುಂಡಾದ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಹಿಂದೆಯೇ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ಫೋನಿನ ನಕ್ಷೆಗೆ ಅದು ಗೊತ್ತಿರಲಿಲ್ಲ. ರಸ್ತೆಗೆ ಅಡ್ಡಗಟ್ಟೆಯೂ ಇರಲಿಲ್ಲ ಎಂದು ವರದಿಯಾಯಿತು. ಕಾಗದದ ನಕ್ಷೆಯ ಮೂಲೆಯಲ್ಲಿ ಸರ್ವೆಯ ವರ್ಷ ಅಚ್ಚಾಗಿರುತ್ತಿತ್ತು. ಹಳೆಯದು ಎಂದು ಗೊತ್ತಾಗಿ ನಾವು ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಿದ್ದೆವು. ಫೋನಿನ ನಕ್ಷೆಗೆ ವಯಸ್ಸೇ ಕಾಣುವುದಿಲ್ಲ, ಎಲ್ಲವೂ ಈಗಿನದರಂತೆ ಹೊಳೆಯುತ್ತದೆ.

ನೀವು ಕೊಡುವ ನಕ್ಷೆಯಲ್ಲಿ ನಾಲ್ಕು ಸಂಗತಿ ಬರೆಯಿರಿ: ಅಳೆದ ದಿನ, ಬಳಸಿದ ಮೂಲ ದಾಖಲೆ, ಯಾವ ದೀರ್ಘಗೋಳದ ಲೆಕ್ಕ, ಅಳೆಯುವಾಗ ಎದುರಿಗಿದ್ದವರು ಯಾರು. ಮೊದಲ ಮೂರನ್ನು ಸಾಫ್ಟ್‌ವೇರ್ ತಾನೇ ಕೇಳುತ್ತದೆ. ನಾಲ್ಕನೆಯದಕ್ಕೆ ಕಾಲಂ ಇಲ್ಲ. ಷರಾ ಎಂದು ಕೊನೆಯಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ, ಅಲ್ಲಿ ಬರೆಯಿರಿ. ಗೈರುಹಾಜರಾದವರ ಹೆಸರನ್ನೂ ಸೇರಿಸಿ.